ಸುತ್ತಿಗೆಗೆ ರಜೆ

ಸುತ್ತಿಗೆಗೆ ರಜೆ ಕೊಟ್ಟ ಏಳನೆಯ ದಿನ ಮಗಳ ಮಾಕ್ ಟೆಸ್ಟ್ ಅಂಕ ನೂರ ಮೂವತ್ತರಿಂದ ತೊಂಬತ್ತೊಂದಕ್ಕೆ ಇಳಿಯಿತು. ತಗಡಿನ ಟ್ರಂಕು ಮಾಡುವ ಅಪ್ಪ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಕಾಲೇಜಿನ ಪ್ರವೇಶ ಪರೀಕ್ಷೆಗೆ ಇನ್ನು ಹನ್ನೆರಡೇ ದಿನ. ತೊಂಬತ್ತೊಂದಕ್ಕೆ ಯಾವ ಕಾಲೇಜೂ ಸೀಟು ಕೊಡುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ತಪ್ಪಿದ್ದು ಎಲ್ಲಿ ಎಂಬುದೇ ಅವನಿಗೆ ತಿಳಿಯಲಿಲ್ಲ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮಗಳ ಓದಿಗೆ ತೊಂದರೆಯಾಗದಿರಲೆಂದು ಅದಕ್ಕೆ ಬಾಗಿಲು ಹಾಕಿದ್ದ. ತೊಟ್ಟಿಕ್ಕುವ ನಲ್ಲಿಗೆ ಬಟ್ಟೆ ಕಟ್ಟಿದ್ದ. ಕೂಗುವ ಕುಕ್ಕರನ್ನು ಪಕ್ಕದ ಮನೆಯ ಟೈಲರಮ್ಮನ ಒಲೆಗೆ ಸಾಗಿಸಿದ್ದ. ಸೀನು ಬಂದರೆ ಮೂಗು ಹಿಡಿದುಕೊಂಡು ಬೀದಿಗೆ ಓಡುತ್ತಿದ್ದ, ಪಾಪ. ಇಷ್ಟೆಲ್ಲ ಮಾಡಿದರೂ ಮಗಳು ಪುಸ್ತಕ ತೆರೆದಿಟ್ಟುಕೊಂಡು ಫ್ಯಾನು ನೋಡುತ್ತ ಕೂತಿರುತ್ತಿದ್ದಳು.

ಕೈ ಸುಮ್ಮನಿರಲಾರದೆ ಅಪ್ಪ ಅಂಗಡಿಯೊಳಗೆ ಹೋದ. ಅರ್ಧಕ್ಕೆ ಬಿಟ್ಟಿದ್ದ ಟ್ರಂಕೊಂದರ ಮುಚ್ಚಳ ಅಂಚಿನಲ್ಲಿ ಸೊಟ್ಟಗಿತ್ತು. ಅಭ್ಯಾಸಬಲ, ಎರಡೇಟು ಹಾಕಿಯೇಬಿಟ್ಟ. ಟಣ್, ಟಣ್. ಆಮೇಲೆ ನಾಲಿಗೆ ಕಚ್ಚಿಕೊಂಡು ಒಳಗೆ ಇಣುಕಿದರೆ, ಮಗಳು ನೆಟ್ಟಗೆ ಕೂತು ಸರಸರ ಲೆಕ್ಕ ಮಾಡುತ್ತಿದ್ದಾಳೆ! ಅವನು ಹಾಗೇ ನೋಡುತ್ತ ನಿಂತ. ಸ್ವಲ್ಪ ಹೊತ್ತಿಗೆ ಪೆನ್ನು ನಿಧಾನವಾಯಿತು, ನಿಂತೇಹೋಯಿತು.

"ಅಪ್ಪಾ, ಯಾಕೆ ನಿಲ್ಲಿಸ್ದೆ?"

"ನಿನಗೆ ತೊಂದ್ರೆ ಆಗಲ್ವೇನೇ?"

"ಒಂದನೇ ಕ್ಲಾಸಿಂದ ಇದೇ ಸದ್ದಲ್ಲಿ ಓದಿದೀನಿ. ಮನೆ ಹೀಗೆ ತಣ್ಣಗಾದ್ರೆ ನನ್ನ ತಲೇಲಿರೋದೇ ಕೇಳ್ಸತ್ತೆ. ಸೀಟು ಸಿಗದಿದ್ರೆ ಏನ್ಮಾಡ್ತೀಯಾ, ಸೀಟು ಸಿಗದಿದ್ರೆ ಏನ್ಮಾಡ್ತೀಯಾ ಅಂತ."

"ಇದನ್ನ ಮೊದಲೇ ಬಾಯ್ಬಿಟ್ಟು ಹೇಳೋಕೇನಾಗಿತ್ತು?"

"ನೀನು ನನಗೋಸ್ಕರ ಬೀದೀಲಿ ನಿಂತು ಸೀನ್ತಿದ್ದೆ. ಹೇಗಪ್ಪ ಹೇಳ್ಲಿ?"

ಅಪ್ಪನಿಗೆ ನಗು ಬಂತು. ನಗುತ್ತಲೇ ಕೇಳಿದ: "ಸರಿ, ಪರೀಕ್ಷೆ ಹಾಲಲ್ಲಿ ಯಾರು ಬಡೀತಾರೆ?"

"ಅಲ್ಲಿ ನನ್ನ ಎದೆ ಬಡ್ಕೊಳ್ಳತ್ತಲ್ಲ, ಸಾಕು."

ಅಂಗಡಿ ಮತ್ತೆ ತೆರೆಯಿತು. ಅಂಕ ನೂರ ಹದಿನೆಂಟಕ್ಕೆ ಏರಿತು, ಮುಂದಿನ ವಾರ ನೂರ ಮೂವತ್ತಾರಾಯಿತು. ಅಪ್ಪನ ಕೈಯೂ ಅದೇ ವೇಗದಲ್ಲಿ ಓಡಿ, ಪರೀಕ್ಷೆಗೆ ಎರಡು ದಿನ ಇರುವಾಗಲೇ ಒಪ್ಪಿಕೊಂಡಿದ್ದ ಟ್ರಂಕುಗಳೆಲ್ಲ ಮುಗಿದುಹೋದವು. ಹೊಸ ತಗಡೂ ಉಳಿದಿರಲಿಲ್ಲ. ಅವನು ಮೂಲೆಯಿಂದ ಒಂದು ತುಕ್ಕು ಹಿಡಿದ ತುಂಡನ್ನು ಎಳೆದುಕೊಂಡು ಕೂತ.

ಮಧ್ಯಾಹ್ನದ ಹೊತ್ತಿಗೆ ಟೈಲರಮ್ಮ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಸದ್ದಿಗೆ ಅವಳ ತಲೆ ಚಿಟ್ಟು ಹಿಡಿದಿತ್ತು.

"ಅಣ್ಣಾ, ಬೆಳಗ್ಗೆಯಿಂದ ನೋಡ್ತಿದೀನಿ. ಆ ತುಂಡನ್ನ ಬಗ್ಗಿಸ್ತೀರಿ, ನೆಟ್ಟಗೆ ಮಾಡ್ತೀರಿ, ಮತ್ತೆ ಬಗ್ಗಿಸ್ತೀರಿ. ಏನು ನಡೀತಿದೆ ಇಲ್ಲಿ?" ಎಂದು ಕೂಗಿ ಕೇಳಿದಳು.

ಅಪ್ಪ ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟ. "ಮೆಲ್ಲಗೆ ಮಾತಾಡಿ ಅಕ್ಕಾ, ಮಗಳು ಓದ್ತಿದಾಳೆ" ಎಂದು ಪಿಸುಗುಟ್ಟಿ, ಸುತ್ತಿಗೆ ಎತ್ತಿ ಟಣ್ಣೆಂದು ಬಡಿದ.