ಮುಂಬಾಗಿಲು

ನೆದರ್‌ಲ್ಯಾಂಡ್ಸಿನ ಆ ಪುಟ್ಟ ಹಳ್ಳಿಯಲ್ಲಿ ಬೆಲ್ಜಿಯಂ ಗಡಿ ಮನೆಗಳ ಒಳಗಿಂದಲೇ ಹಾದುಹೋಗುತ್ತದೆ. ಮುಂಬಾಗಿಲು ಯಾವ ಕಡೆಗಿದೆಯೋ ಮನೆ ಆ ದೇಶದ್ದು. ಹೋಟೆಲಿನ ಅಡುಗೆಯವನಾದ ಈರಪ್ಪನಿಗೆ ಗದಗಿನಲ್ಲಿದ್ದ ಹೆಂಡತಿಯನ್ನು ಕರೆಸಿಕೊಳ್ಳಲು ನೆದರ್‌ಲ್ಯಾಂಡ್ಸಿನವರು ಮೂರು ಸಲ ವೀಸಾ ಕೊಟ್ಟಿರಲಿಲ್ಲ. ಬೆಲ್ಜಿಯಂ ಕಡೆಗೆ ಬಾಗಿಲಿದ್ದರೆ ಸಿಗುತ್ತದೆಂದು ವಕೀಲರು ಹೇಳಿದ ಮೇಲೆ, ಎರಡು ವರ್ಷ ಊರಿಗೆ ಬಿಡಿಗಾಸೂ ಕಳಿಸದೆ ಕೂಡಿಟ್ಟು ಅಂಥದೇ ಮನೆ ಕೊಂಡ. ಬೀಗದಕೈ ಸಿಕ್ಕ ಕೂಡಲೇ ಫೋನ್ ಮಾಡಿದ.

“ನೀಲಾ, ಬಾಗಿಲ ಆ ದೇಶದಾಗ ಐತಿ. ಇನ್ನ ನಿನ್ನ ಯಾರೂ ತಡಿಯಂಗಿಲ್ಲ.”

“ಹೌದಾ,” ಎಂದಳು ಅವಳು.

“ಹೌದಾ ಅಂದ್ರ ಆತೇನು? ನಗಾಕೂ ರೊಕ್ಕ ಕೇಳ್ತಿ ನೋಡು. ಲಗ್ನದ ಪುರಾವೆ ಬೇಕಂತ, ಇಬ್ರ ಹೆಸರಿರೋ ರೇಶನ್ ಕಾರ್ಡ್ ಕಳಿಸು.”



“ಕಾರ್ಡಿನಾಗ ನಿಮ್ಮ ಹೆಸರು ತಗಸೀನ್ರೀ. ಹೋದ ವರ್ಷದಿಂದ ವಿಧವಾ ವೇತನ ತಗೊಳಾಕತ್ತೀನಿ.”