ಅರ್ಧ ಸುತ್ತು

ಗಾಲಿ, ಕೇಬಲ್ಲುಗಳಿರುವ ಕಾಂಪೌಂಡ್ ಬಿಲ್ಲನ್ನು ಹದ ಮಾಡಲು ಬಗ್ಗಿಸಿ ಹಿಡಿಯುವ ಪ್ರೆಸ್ ಊಟದ ಮೇಜನ್ನು ಹಿಡಿದು ಕೂತು ಮೂರು ವರ್ಷವಾಗಿತ್ತು. ಮನೆಯವರ ಊಟ ನೆಲದ ಮೇಲೆ. ಸ್ಪರ್ಧೆ ಬಂದಾಗಲೆಲ್ಲ ಹೆಂಡತಿಯ ಮುಂದೆ ಜಯತೀರ್ಥನದು ಒಂದೇ ರಾಗ: "ನಾನೇನೋ ರೆಡಿ ಕಣೇ, ಬಿಲ್ಲು ಇನ್ನೂ ಹದಕ್ಕೆ ಬಂದಿಲ್ಲ."

ಹದ ನೋಡಲು ಅವನು ಚೌಕಟ್ಟಿಗೆ ಪೇಪರು ಅಂಟಿಸಿ ಬಾಣ ಬಿಡುತ್ತಿದ್ದ. ಹದವಾದ ಬಿಲ್ಲಾದರೆ ದುಂಡನೆಯ ತೂತು ಬೀಳಬೇಕು. ಇವನ ಪೇಪರು ಮಾತ್ರ ಯಾವಾಗಲೂ ಎಡಕ್ಕೆ ಹರಿಯುತ್ತಿತ್ತು. ಹಾಗೆ ಹರಿಯುವಷ್ಟು ಕಾಲ ಜಯತೀರ್ಥ ಊರಿಗೇ ದೊಡ್ಡ ಬಿಲ್ಲುಗಾರ.

ಆ ಶನಿವಾರ ಸಂಜೆ ಬಿಲ್ಲನ್ನು ಪ್ರೆಸ್ಸಿನಲ್ಲಿ ಬಗ್ಗಿಸಿ, ಕೇಬಲ್ಲಿಗೆ ಅರ್ಧ ಸುತ್ತು ಹುರಿ ಏರಿಸಿ, ಹಿತ್ತಲಿಗೆ ಹೋಗಿ ಬಾಣ ಬಿಟ್ಟ. ಮೊಳೆ ಹೊಡೆದ ಹಾಗೆ ದುಂಡನೆಯ ತೂತು!

"ಅಯ್ಯೋ, ಸರಿಹೋಯ್ತಲ್ರೀ!" ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು. "ನಾಳೆ ಸ್ಪರ್ಧೆಗೆ ಹೋಗ್ತೀರಿ ತಾನೆ? ನಾನೂ ಬರ್ತೀನಿ. ನಿಮ್ಮಕ್ಕನ ಮನೆಯವರ್ನೂ ಕರೀತೀನಿ."

"ಹ್ಞೂಂ... ಕರಿ," ಎಂದ ಜಯತೀರ್ಥ.

ಅವಳು ಫೋನ್ ಹಿಡಿದು ಬೀದಿಬಾಗಿಲಿಗೆ ಹೋದಳು. ಜಯತೀರ್ಥ ಮೆಲ್ಲಗೆ ಒಳಗೆ ಬಂದು, ಬಿಲ್ಲನ್ನು ಮತ್ತೆ ಪ್ರೆಸ್ಸಿಗೆ ಸಿಕ್ಕಿಸಿ, ಏರಿಸಿದ್ದ ಅರ್ಧ ಸುತ್ತು ಹುರಿಯನ್ನು ಬಿಚ್ಚಿದ.