ತುರ್ತಿಗೆಂದು ಇಟ್ಟ ನೆಲೆ

“ಪದಕ ಹಾಕೋಕೆ ಎಡಗಡೆ ಜಾಗ ಬೇಕು, ಪೆನ್ನು ಅಲ್ಲಿಂದ ತೆಗೀರಿ,” ಎಂದು ಹೆಂಡತಿ ನೆಲೆಯ ಉಸ್ತುವಾರಿಯ ಜೇಬಿಗೆ ಕೈ ಹಾಕಿದಾಗಲೇ ಪೂರ್ವದ ರಸ್ತೆಯಲ್ಲಿ ಜೀಪಿನ ಧೂಳು ಕಾಣಿಸಿತು.

ಕೇಂದ್ರ ನೆಲೆಯಿಂದ ಬರುತ್ತಿರುವವರು ದೊಡ್ಡ ಸಾಹೇಬರೇ. ಅವರು ಬೆನ್ನು ತಟ್ಟಿದರೆ ಬಡ್ತಿ, ಊರ ಹತ್ತಿರಕ್ಕೆ ವರ್ಗ, ಮಗಳಿಗೊಂದು ಸರಿಯಾದ ಶಾಲೆ. ಆದೇಶ ಮುರಿದದ್ದನ್ನೇ ಹಿಡಿದು ಕೂತರೆ ನೌಕರಿಗೇ ಸಂಚಕಾರ.

ಮುರಿದದ್ದಂತೂ ನಿಜ.

ನರಪಿಳ್ಳೆಯ ಸುಳಿವಿಲ್ಲದ ಬಯಲಿನಲ್ಲಿ, ತುರ್ತು ಸಂದರ್ಭಕ್ಕೆಂದು ಕಾಯ್ದಿರಿಸಿದ ವಾಯುನೆಲೆ ಅದು. ಒಂದು ರನ್‌ವೇ, ಬಿಸಿಲಲ್ಲೇ ಸಾಲಾಗಿ ನಿಂತ ಹನ್ನೆರಡು ಯುದ್ಧವಿಮಾನ, ಆರು ಜನ ಸಿಬ್ಬಂದಿ, ಅವರ ಸಂಸಾರ. ಆರು ವರ್ಷದಲ್ಲಿ ಒಬ್ಬ ಪೈಲಟ್ಟೂ ಇತ್ತ ತಲೆ ಹಾಕಿರಲಿಲ್ಲ. ಆದೇಶಗಳು ಮಾತ್ರ ತಪ್ಪದೆ ಬರುತ್ತಿದ್ದವು. ವಿಮಾನಗಳ ಬಾಗಿಲು ಯಾರೂ ತೆರೆಯಕೂಡದು. ಸಿಬ್ಬಂದಿ ಕುಟುಂಬ ಸಮೇತ ವಾಸಿಸತಕ್ಕದ್ದು. ಒಗೆದ ಬಟ್ಟೆಗಳನ್ನು ಹೊರಗೇ ಒಣಗಿಸತಕ್ಕದ್ದು. ಯುದ್ಧಕಾಲದಲ್ಲೂ ರನ್‌ವೇ ದೀಪಗಳನ್ನು ಆರಿಸಕೂಡದು.

“ಬಟ್ಟೆ ಎಲ್ಲಿ ಒಣಹಾಕ್ಬೇಕು ಅಂತ ಹೇಳೋಕೂ ಒಬ್ಬ ಆಫೀಸರು!” ಎಂದು ಹೆಂಡತಿ ನಗುತ್ತಿದ್ದಳು. ಹೋದ ವರ್ಷದ ಬಿರುಗಾಳಿಗೆ ಒಂದು ವಿಮಾನ ಉರುಳಿಕೊಂಡು ಹೋಗಿ ಬೇಲಿಗೆ ತಾಗಿ ನಿಂತಾಗ ಇಬ್ಬರೇ ಅದನ್ನು ತಳ್ಳಿಕೊಂಡು ತಂದಿದ್ದರು. “ನಮ್ಮನೆ ಬೀರು ಸರಿಸೋಕೆ ನಾಲ್ಕು ಜನ ಬೇಕಾಯ್ತಲ್ರೀ,” ಎಂದಿದ್ದಳು. ಉಸ್ತುವಾರಿ ಕೇಂದ್ರಕ್ಕೆ ಬರೆದು ಕೇಳಿದ. ‘ಹೊಸ ತಂತ್ರಜ್ಞಾನ’ ಎಂದು ಉತ್ತರ ಬಂತು. ದೊಡ್ಡವರು ಹೇಳಿದ ಮೇಲೆ ಮುಗಿಯಿತು.

ಆದರೆ ಯುದ್ಧ ಶುರುವಾದಾಗ ಅವನಿಗೆ ತಡೆಯಲಾಗಲಿಲ್ಲ. ಶತ್ರು ತಲೆಯ ಮೇಲೆ ಬರುವಾಗ ದೀಪ ಉರಿಸಿ ಕೂರುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಫ್ಯಾನಿನ ಕೆಳಗೆ ಕೂತು ಬರೆದವರಿಗೆ ಬಯಲಿನ ಪಾಡು ಏನು ಗೊತ್ತು? ಅವನೂ ಅವನ ಐವರೂ ಬೆವರು ಸುರಿಸಿ ದುಡಿದರು. ವಿಮಾನಗಳಿಗೆ ಬಲೆ ಹೊದಿಸಿ ಹುಲ್ಲು ಹರಡಿದರು. ರನ್‌ವೇಗೆ ಮಣ್ಣು ಬಳಿದರು. ದೀಪ ಆರಿತು, ಬಟ್ಟೆ ಒಳಗೆ ಬಂತು.

ಮೂರು ದಿನದ ಹಿಂದೆ ಸಂಜೆ ಶತ್ರುವಿಮಾನಗಳು ಬಂದೇಬಿಟ್ಟವು. ಗಂಡ ಹೆಂಡತಿ ಮಗಳನ್ನು ಅವುಚಿಕೊಂಡು ಮಂಚದ ಕೆಳಗೆ ಮುದುಡಿದರು. ವಿಮಾನಗಳು ಮೂರು ಸುತ್ತು ಹಾಕಿ, ಏನೂ ಕಾಣದೆ, ಪೂರ್ವಕ್ಕೆ ಹೊರಟುಹೋದವು. ಉಸ್ತುವಾರಿಗೆ ಹೋದ ಜೀವ ಬಂದಂತಾಯಿತು. ಕೇಂದ್ರಕ್ಕೆ ತಿಳಿಸೋಣವೆಂದರೆ ಫೋನು ಯಾಕೋ ಸತ್ತಿತ್ತು. ತನ್ನ ಸಾಹಸವನ್ನೆಲ್ಲ ನಾಲ್ಕು ಪುಟ ಬರೆದು, ಕೊನೆಗೆ ಪದಕದ ಮಾತನ್ನೂ ಮೆಲ್ಲಗೆ ಸೇರಿಸಿ, ದಿನಸಿ ಲಾರಿಯವನ ಕೈಲಿ ಕಳಿಸಿದ. ‘ದೊಡ್ಡ ಸಾಹೇಬರೇ ಬರುತ್ತಾರೆ’ ಎಂದು ಒಂದೇ ಸಾಲಿನ ಉತ್ತರ ಬಂತು. ಆರು ವರ್ಷ ಎಲೆಮರೆಯ ಕಾಯಿಯಾಗಿದ್ದವನಿಗೆ ಅಷ್ಟೂ ಆಸೆ ಬೇಡವೇ?

ಜೀಪು ನಿಂತಿತು. ಹೆಲಿಕಾಪ್ಟರ್ ಬಿಟ್ಟು ಓಡಾಡುವವರಲ್ಲ ಎಂದು ಕೇಳಿದ್ದ ಸಾಹೇಬರು ಊರುಗೋಲು ಹಿಡಿದು ಜೀಪಿನಿಂದ ಇಳಿದರು. ತಲೆಗೆ ಬ್ಯಾಂಡೇಜು. ಒಂದು ಹುಬ್ಬು ಸುಟ್ಟು ಮಾಯವಾಗಿತ್ತು. ಕೇಳುವುದು ಮರ್ಯಾದೆಯಲ್ಲವೆಂದು ಉಸ್ತುವಾರಿ ಬರೀ ಸೆಲ್ಯೂಟ್ ಹೊಡೆದ.

“ಇದನ್ನೆಲ್ಲ ನೀವೇ ಮಾಡಿದ್ದಾ?”

“ಹೌದು ಸಾರ್. ಮೇಲಿಂದ ನೋಡಿದ್ರೆ ಒಂದು ನೊಣಕ್ಕೂ ಏನೂ ಕಾಣಲ್ಲ.”

“ಅದು ಗೊತ್ತಾಯ್ತು,” ಎಂದರು ಸಾಹೇಬರು. “ದೀಪ?”

“ನಾನೇ ಆರಿಸ್ದೆ ಸಾರ್. ಆರು ಸಂಸಾರದ ಜೀವ ನೋಡಿ.”

ಸಾಹೇಬರು ಕುಂಟುತ್ತಾ ಹೋಗಿ ಒಂದು ಬಲೆಯನ್ನು ಕಿತ್ತೆಸೆದರು. ಊರುಗೋಲು ಎತ್ತಿ ವಿಮಾನದ ಹೊಟ್ಟೆಗೆ ತಿವಿದರು. ಅದು ಟಪ್ಪೆಂದು ಒಳಗೆ ಹೋಯಿತು. ತೂತಿನ ಸುತ್ತ ಬಣ್ಣ ಉದುರಿ ಪ್ಲೈವುಡ್ ಕಾಣಿಸಿತು. ಒಳಗೆ ಎಂಜಿನ್ ಇರಲಿಲ್ಲ, ಸೀಟಿರಲಿಲ್ಲ. ನಾಲ್ಕು ಮರದ ಪಟ್ಟಿ, ಒಂದು ಗುಬ್ಬಿ ಗೂಡು.

ಉಸ್ತುವಾರಿ ತಿರುಗಿ ಮನೆಯ ಕಡೆ ನೋಡಿದ. ಸಾಹೇಬರು ಬಂದಾಗಲಾದರೂ ಆದೇಶ ಪಾಲಿಸೋಣವೆಂದು ಹೆಂಡತಿ ಮಗಳ ಕೆಂಪು ಫ್ರಾಕನ್ನು ಹೊರಗಿನ ತಂತಿಗೆ ಹಾಕುತ್ತಿದ್ದಳು.

“ಪದಕ ಬೇರೆ ಕೇಡು ನಿಮಗೆ!” ಸಾಹೇಬರು ಊರುಗೋಲನ್ನು ತೂತಿನಿಂದ ಎಳೆದುಕೊಂಡರು. “ನಿಮ್ಮ ಮೇಲೆ ಬೀಳ್ಬೇಕಾಗಿದ್ದ ಬಾಂಬೆಲ್ಲ ನಮ್ಮ ಮೇಲೆ ಬಿತ್ತಲ್ರೀ!”